ತಪ್ಪಿಲ್ಲದ ವಾಕ್ಯ

ಬೇಸಿನ್ನಿನ ಅಂಚಿಗೆ ಒಂದು ಕೂದಲು ಅಂಟಿಕೊಂಡಿತ್ತು. ಬುಡದ ಕಡೆ ಬಿಳುಪು, ತುದಿಯ ಕಡೆ ಬಣ್ಣ, ಅಂದರೆ ತನ್ನದೇ. ಹಾಗೆಂದು ಗೊತ್ತಿದ್ದೂ ಅದನ್ನು ಬೆರಳಿನಿಂದ ಎತ್ತಲು ಅವನಿಗೆ ಆಗಲಿಲ್ಲ. ತಲೆಯ ಮೇಲಿದ್ದಾಗ ಬಾಚಿ ಬಾಚಿ ಕೂರಿಸಿಕೊಳ್ಳುವ ಕೂದಲು ಎರಡು ಗೇಣು ಕೆಳಗೆ ಬಿದ್ದ ಮಾತ್ರಕ್ಕೆ ಹೇಗೆ ಹೊಲಸಾಗಿಬಿಡುತ್ತದೆ ಎಂದು ಯೋಚಿಸುತ್ತ, ನಲ್ಲಿ ತಿರುಗಿಸಿ, ನೀರೇ ಅದನ್ನು ತಳ್ಳಿಕೊಂಡು ಹೋಗಲಿ ಎಂದು ಕಾದ. ಅದು ಹೋಗಲಿಲ್ಲ. ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೊರಟಿದ್ದ ಹೆಂಡತಿ ಅವನ ಹಿಂದಿನಿಂದ ಕೈ ಚಾಚಿ ಕೂದಲನ್ನು ಎತ್ತಿ ಬುಟ್ಟಿಗೆ ಹಾಕಿ, ಅದೇ ಕೈಯಿಂದ ಚೀಲದ ಜಿಪ್ಪು ಎಳೆದುಕೊಂಡಳು. ಭಾವನವರನ್ನು ನೋಡಿಕೊಂಡು ಬಂದು ಎಷ್ಟು ದಿನವಾಯಿತು ಎಂದು ಕೇಳಿದಳು. ಮೊನ್ನೆ ಮೊನ್ನೆ ಹೋಗಿದ್ದೆನಲ್ಲ ಎಂದ. ಅವಳು ಬಾಗಿಲು ಎಳೆದುಕೊಂಡು ಹೋದಳು. ಸುಳ್ಳನ್ನು ನಂಬದವರಿಗಿಂತ, ಸುಳ್ಳೆಂದು ಗೊತ್ತಿದ್ದೂ ಸುಮ್ಮನೆ ಬಾಗಿಲು ಎಳೆದುಕೊಂಡು ಹೋಗುವವರನ್ನು ಕಂಡರೆ ಅವನಿಗೆ ಹೆಚ್ಚು ಸಿಟ್ಟು ಬರುತ್ತಿತ್ತು. ಆಮೇಲೆ ಆ ಜಿಪ್ಪಿನ ಕೊಂಡಿಯೇ ಮಧ್ಯಾಹ್ನದವರೆಗೂ ಅವನ ಕಣ್ಣ ಮುಂದೆ ನೇತಾಡಿತು.

ಅವನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದ ಸಂಸ್ಥೆ ಬ್ಯಾಟರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕೆಳಗಿನಿಂದ ಆ್ಯಸಿಡ್ಡಿನ ವಾಸನೆ ಮೆಟ್ಟಿಲು ಹತ್ತಿಕೊಂಡು ಬಂದು ತರಗತಿಯ ಬಾಗಿಲಲ್ಲಿ ನಿಂತಿರುತ್ತಿತ್ತು, ತಡವಾಗಿ ಬಂದ ವಿದ್ಯಾರ್ಥಿಯ ಹಾಗೆ. ಹದಿನಾಲ್ಕು ಜನ, ಎಲ್ಲರೂ ಕೆಲಸ ಮಾಡುವವರು. ವೆಲ್ಡರ್ ಒಬ್ಬ, ಔಷಧಿ ಅಂಗಡಿಯವನೊಬ್ಬ, ಹೊರದೇಶದ ವೃದ್ಧಾಶ್ರಮಗಳಿಗೆ ಕೆಲಸಕ್ಕೆ ಹೋಗಲು ಪರೀಕ್ಷೆ ಕಟ್ಟಿದವರು ಏಳೆಂಟು ಮಂದಿ. ಅವರ ಪುಸ್ತಕಗಳನ್ನು ಅವನು ತುದಿಬೆರಳಲ್ಲಿ ಹಿಡಿಯುತ್ತಿದ್ದ. ಒಬ್ಬನ ಹಾಳೆಯಲ್ಲಿ ಎಣ್ಣೆಯ ಕಲೆ, ಇನ್ನೊಬ್ಬಳ ಹಾಳೆ ಒದ್ದೆಯಾಗಿ ಒಣಗಿ ಸೆಟೆದುಕೊಂಡದ್ದು. ಮನುಷ್ಯರು ತಪ್ಪು ಬರೆಯುವುದು ಸಹಜ, ಅದಕ್ಕೆ ತನಗೆ ಕೆಲಸವಿದೆ. ಆದರೆ ಬರೆದಲ್ಲೆಲ್ಲ ಮೈಯನ್ನೂ ಸ್ವಲ್ಪ ಸ್ವಲ್ಪ ಬಿಟ್ಟು ಹೋಗಬೇಕೆ ಎಂದು ಅನಿಸುತ್ತಿತ್ತು.

ಹಿಂದಿನ ವಾರ ಅವನು ಎರಡು ಶಬ್ದ ಹೇಳಿಕೊಟ್ಟಿದ್ದ, ಡಿಸ್‌ಗಸ್ಟೆಡ್ ಮತ್ತು ಡಿಸ್‌ಗಸ್ಟಿಂಗ್. ಪಠ್ಯದಲ್ಲಿದ್ದದ್ದು ಬೋರ್ಡ್ ಮತ್ತು ಬೋರಿಂಗ್, ಆದರೆ ಆ ಜೋಡಿಯನ್ನು ಇಪ್ಪತ್ತು ವರ್ಷ ಹೇಳಿ ಹೇಳಿ ನಾಲಗೆ ಸವೆದಿತ್ತು. ಎರಡಕ್ಕೂ ಬೇರು ಒಂದೇ, ಬಾಲ ಬೇರೆ ಎಂದು ಹಲಗೆಯ ಮೇಲೆ ಬರೆದ. 'ಇಂಗ್' ಬಾಲವಿದ್ದರೆ ಹೇಸಿಗೆ ಹುಟ್ಟಿಸುವ ವಸ್ತು. ಅದು ಒಂಟಿಯಾಗಿಯೂ ನಿಲ್ಲುತ್ತದೆ, ನಾಮಪದದ ಹಿಂದೆಯೂ ಕೂರುತ್ತದೆ. 'ಎಡ್' ಬಾಲವಿದ್ದರೆ ಹೇಸಿಗೆಪಟ್ಟ ಮನುಷ್ಯ. ಅವನಿಗೆ ಒಂದು 'ವಿತ್' ಬೇಕು, ಒಂದು 'ಬೈ' ಬೇಕು, ಯಾರ ಮೇಲೆ, ಯಾತರಿಂದ ಎಂದು ತೋರಿಸಲು ಬೆರಳು ಬೇಕು. ಔಷಧಿ ಅಂಗಡಿಯವನು, ನಮ್ಮ ಭಾಷೆಯಲ್ಲಿ ಈ ತಾಪತ್ರಯವೇ ಇಲ್ಲವಲ್ಲ ಸಾರ್ ಎಂದಿದ್ದ. ಆ ಮಾತು ಅವನಿಗೆ ಹಿಡಿಸಿತು. ಹೌದು, ನಾವು ನನಗೆ ಹೇಸಿಗೆಯಾಯಿತು ಅನ್ನುತ್ತೇವೆ; ಹೇಸಿಗೆ ಎಲ್ಲಿಂದಲೋ ನಡೆದುಬಂದು ನನಗೆ ಆಗುತ್ತದೆ, ನೆಗಡಿ ಆದ ಹಾಗೆ; ಇಂಗ್ಲಿಷಿನವನು ಮಾತ್ರ ಎದ್ದು ನಿಂತು, ಹೇಸಿಗೆಪಟ್ಟವನು ನಾನು ಎಂದು ಒಪ್ಪಿಕೊಳ್ಳಬೇಕು; ಬಾಲ ತಪ್ಪಿತೋ, ಹೇಸಿಗೆಯೇ ನಾನು ಎಂದಾಗಿಬಿಡುತ್ತದೆ ಎಂದ. ಎಲ್ಲರೂ ನಕ್ಕರು. ಮನೆಯಿಂದ ಎರಡೂ ಶಬ್ದ ಸೇರಿಸಿ ಹತ್ತು ವಾಕ್ಯ ಬರೆದುಕೊಂಡು ಬನ್ನಿ, ನಿಮ್ಮ ಕೆಲಸದ ಬಗ್ಗೆ ಇರಲಿ, ಪುಸ್ತಕದಿಂದ ಕದಿಯಬೇಡಿ ಎಂದು ಹೇಳಿ ಕೈತೊಳೆಯಲು ಹೋದ.

ನಗದೆ ಬರೆದುಕೊಂಡವಳು ಮೂರನೇ ಬೆಂಚಿನ ಆಯಾ ಒಬ್ಬಳೇ. ಅವಳನ್ನು ಕಂಡರೆ ಅವನಿಗೆ ಒಳಗೊಳಗೇ ಇರುಸುಮುರುಸು. ಅವನ ಅಣ್ಣ ಲಕ್ವ ಹೊಡೆದು, ಬಲಭಾಗ ಬಿದ್ದುಹೋಗಿ, ಎರಡು ವರ್ಷದಿಂದ ಮಲಗಿದ್ದ ಆರೈಕೆ ಮನೆಯಲ್ಲಿ ಅವಳಿಗೆ ಕೆಲಸ. ಅಲ್ಲಿಯೇ ಒಂದು ದಿನ ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿ, ನೀವು ಇಂಗ್ಲಿಷ್ ಹೇಳಿಕೊಡ್ತೀರಂತೆ, ನಾನೂ ಸೇರಬಹುದೇ ಎಂದು ಕೇಳಿ ಸೇರಿಕೊಂಡಿದ್ದಳು. ಅಂದಿನಿಂದ ಅಣ್ಣನ ಕೋಣೆಯ ಒಂದು ತುಣುಕು ವಾರಕ್ಕೆ ಮೂರು ದಿನ ತರಗತಿಯಲ್ಲಿ ಬಂದು ಕೂರುತ್ತಿತ್ತು. ಪುಸ್ತಕ ಕೊಡಲು ಚಾಚಿದ ಅವಳ ಕೈ ನೋಡಿದರೆ, ಬೆಳಿಗ್ಗೆ ಈ ಕೈ ಎಲ್ಲೆಲ್ಲಿ ಹೋಗಿತ್ತು ಎಂಬ ಯೋಚನೆ ಬರುತ್ತಿತ್ತು. ತೊಳೆದು ತೊಳೆದು ಬಿಳಿಚಿಕೊಂಡ, ಉಗುರು ಬುಡದವರೆಗೆ ಕತ್ತರಿಸಿದ ಕೈ. ತನ್ನ ಕೈಗಿಂತ ಸ್ವಚ್ಛವಿತ್ತು. ಅದು ಗೊತ್ತಿದ್ದರೂ ಪುಸ್ತಕವನ್ನು ಮೇಜಿನ ಮೇಲಿಡಿ ಎನ್ನುತ್ತಿದ್ದ. ತಾನು ಎಷ್ಟು ದಿನದಿಂದ ಅಲ್ಲಿಗೆ ಹೋಗಿಲ್ಲ ಎಂಬುದು ಈ ಊರಿನಲ್ಲಿ ಅವಳಿಗೊಬ್ಬಳಿಗೇ ಸರಿಯಾಗಿ ಗೊತ್ತು. ಅವಳು ಒಂದು ಸಲವೂ ಕೇಳಿರಲಿಲ್ಲ. ಹಾಜರಿ ಕೂಗಿದಾಗ ಎಸ್ ಸಾರ್ ಎಂದು ತಲೆ ಬಗ್ಗಿಸುತ್ತಿದ್ದಳು, ಅಷ್ಟೇ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಅವನು ಮಾತ್ರ ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದ.

ಆ ಮಧ್ಯಾಹ್ನ ಸೆಖೆ. ಫ್ಯಾನು ಗಾಳಿಯನ್ನಲ್ಲ, ಆ್ಯಸಿಡ್ಡಿನ ವಾಸನೆಯನ್ನೇ ತಿರುವಿ ಹಾಕುತ್ತಿತ್ತು. ಪುಸ್ತಕಗಳನ್ನು ತಿದ್ದಿ ತಂದಿದ್ದ. ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು, ಬಿಡಿ ಶಬ್ದ, ಬಾಲಗಳನ್ನಷ್ಟೇ ನೋಡುತ್ತ ಸರಸರನೆ ತಿದ್ದಿದ್ದು. ಯಾರೂ ಕೇಳುತ್ತಿರಲಿಲ್ಲ. ವೆಲ್ಡರ್ ಆಕಳಿಸಿದ, ಬಾಯಿಯೊಳಗಿನ ಕಿರುನಾಲಗೆ ಕಾಣುವಷ್ಟು. ತರಗತಿಯನ್ನು ಎಬ್ಬಿಸಲು ಒಂದು ತಮಾಷೆ ಬೇಕಾಗಿತ್ತು, ಆಯಾಳ ಪುಸ್ತಕ ಮೇಲೆಯೇ ಇತ್ತು. ಹಾಗೆಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ನಿಜವಾಗಿ ಅದು ಮೇಲಿರಲಿಲ್ಲ, ಕೆಳಗಿನಿಂದ ನಾಲ್ಕನೆಯದಾಗಿತ್ತು, ಅವನು ಎಳೆದು ತೆಗೆದಿದ್ದ. ನೋಡಿ, ಬಾಲ ತಪ್ಪಿದರೆ ಏನಾಗುತ್ತದೆ ಎಂದು ಹೇಳಿದ್ದೆನಲ್ಲ ಎಂದು ಗಂಟಲು ಸರಿಮಾಡಿಕೊಂಡು ಕೊನೆಯ ಎರಡು ವಾಕ್ಯ ಓದಿದ.

"ದಿ ಓಲ್ಡ್ ಮ್ಯಾನ್ ವಾಸ್ ಡಿಸ್‌ಗಸ್ಟೆಡ್. ಐ ವಾಸ್ ಡಿಸ್‌ಗಸ್ಟಿಂಗ್."

ಪುಸ್ತಕ ಮುಚ್ಚಿ, ಅರ್ಥ ಬಿಡಿಸಿದ. ಮುದುಕರಿಗೆ ಹೇಸಿಗೆಯಾಯಿತಂತೆ, ಏಕೆಂದರೆ ಈಯಮ್ಮನೇ ಹೇಸಿಗೆಯಂತೆ. ಪಾಪ, ಮುದುಕರನ್ನು ತೊಳೆಯುವವರು ಇವರು, ಕೊನೆಗೆ ಹೊಲಸಾದವರೂ ಇವರೇ. ನಗು ಹಿಂದಿನ ಬೆಂಚಿನಿಂದ ಮುಂದಕ್ಕೆ ಬಂತು. ವೆಲ್ಡರ್ ಮೂಗು ಹಿಡಿದುಕೊಂಡು ಪಕ್ಕದವನ ಕಡೆ ವಾಲಿದ. ಅವನಿಗೂ ನಗು ಬಂತು. ಹೊಟ್ಟೆಯಲ್ಲಿ ಏನೋ ಸಡಿಲವಾಗಿ ಹಿತವೆನಿಸಿತು. ಆಯಾ ನಗಲಿಲ್ಲ, ಅಳಲೂ ಇಲ್ಲ. ನಿಧಾನವಾಗಿ ಎದ್ದು ನಿಂತಳು.

"ಸಾರ್, ಅದು ತಪ್ಪಾ?"

"ಬಾಲ ಅದಲುಬದಲಾಗಿದೆಯಮ್ಮ. ಕೆಂಪು ಶಾಯಿಯಲ್ಲಿ ತಿದ್ದಿದೀನಿ, ನೋಡ್ಕೊಳ್ಳಿ."

"ನಾನು ಎರಡು ಸಲ ನೋಡಿ ಬರೆದಿದ್ದೆ ಸಾರ್," ಎಂದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, ಡ್ಯೂಟಿಗೆ ಹೊತ್ತಾಯಿತು ಎಂದು ಯಾರಿಗೋ ಹೇಳಿದಂತೆ ಹೇಳಿ ಹೊರಗೆ ಹೋದಳು. ಪುಸ್ತಕ ಅವನ ಕೈಯಲ್ಲೇ ಉಳಿಯಿತು.

ತರಗತಿ ಮುಗಿದ ಮೇಲೆ ಪುಸ್ತಕಗಳನ್ನು ಬೀರುವಿಗೆ ಹಾಕುವಾಗ ಅದನ್ನು ಮತ್ತೆ ಬಿಚ್ಚಿದ. ಎರಡು ಸಲ ನೋಡಿ ಬರೆದಿದ್ದೆ ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಹತ್ತು ವಾಕ್ಯಗಳನ್ನು ಮೊದಲಿನಿಂದ ಓದಿದ. ಈಗ ಅವು ಹತ್ತು ವಾಕ್ಯಗಳಾಗಿ ಉಳಿಯಲಿಲ್ಲ, ಒಂದರ ಹಿಂದೊಂದು ನಡೆದವು. ನಾಲ್ಕನೇ ಕೋಣೆಯಲ್ಲಿ ಒಬ್ಬರು ಮುದುಕರಿದ್ದಾರೆ. ಅವರಿಗೆ ಊಟ ಮಾಡಿಸುತ್ತಿದ್ದೆ. ಅವರು ಅದನ್ನು ನನ್ನ ಮುಖದ ಮೇಲೆ ಉಗಿದರು. ಒಂದು ಸಲ ಒರೆಸಿಕೊಂಡೆ. ಎರಡು ಸಲ ಒರೆಸಿಕೊಂಡೆ. ಮೂರನೆಯ ಸಲ ನನ್ನ ಕೈ ಅವರ ಮುಖಕ್ಕೆ ಹೋಯಿತು. ಇಲ್ಲಿ ಅವಳು 'ವೆಂಟ್' ಎಂದು ಬರೆದಿದ್ದಳು. ಅವನು ಅದನ್ನು ಹೊಡೆದು ಹಾಕಿ, ಕೈ ಮುಖವನ್ನು ಮುಟ್ಟಿತು ಎಂದಾಗುವಂತೆ 'ಟಚ್ಡ್' ಎಂದು ತಿದ್ದಿದ್ದ. ಮುಂದಿನ ವಾಕ್ಯ, ಜೋರಾಗಿ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು. ಅವರಿಗೆ ಹೇಸಿಗೆಯಾಯಿತು. ಹೇಸಿಗೆ ನಾನು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಬಾಲಗಳು ಇರಬೇಕಾದಲ್ಲೇ ಇದ್ದವು, ಅವನು ಕೆಂಪು ಶಾಯಿಯ ಬಾಣ ಹಾಕಿ ಅದಲುಬದಲು ಮಾಡಿದ್ದ. ನಾಲ್ಕನೇ ಕೋಣೆಯಲ್ಲಿ ಮಲಗಿರುವವನು ತನ್ನ ಅಣ್ಣ.

ಮೊದಲು ಅವನಿಗೆ ಬಂದದ್ದು ಸಿಟ್ಟಲ್ಲ. ಆಗಲಿ, ಎಂದಿತು ಒಳಗಿನಿಂದ ಯಾವುದೋ ಸಣ್ಣ ದನಿ, ಸ್ಪಷ್ಟವಾಗಿ, ಖುಷಿಯಾಗಿ. ಅಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನು, ಅಪ್ಪ ಸತ್ತ ಮೇಲೆ ತಮ್ಮನನ್ನು ಸಾಕಿದವನು. ದಿನಾ ಸಂಜೆ ಉಂಡ ತಟ್ಟೆ ಎತ್ತುವ ಮೊದಲು ಹತ್ತು ಇಂಗ್ಲಿಷ್ ಶಬ್ದ ಕೇಳುತ್ತಿದ್ದ. ಒಂದಕ್ಷರ ತಪ್ಪಿದರೆ ಒಂದು ಏಟು, ಎಡಗೆನ್ನೆಗೆ. ಒಣಗುತ್ತಿದ್ದ ಎಂಜಲು ಕೈಯಿಂದಲೇ. ನೋವಿಗಿಂತ ಕೆನ್ನೆಗೆ ಅಂಟಿಕೊಳ್ಳುತ್ತಿದ್ದ ಆ ಜಿಗುಟು ನೆನಪಿದೆ. ಒರೆಸಿಕೊಂಡರೆ ಇನ್ನೊಂದು ಏಟು. ಹಾಗೆ ಕಲಿತ ಶಬ್ದಗಳಿಂದಲೇ ಇವತ್ತಿಗೂ ಅವನು ಅನ್ನ ತಿನ್ನುತ್ತಿದ್ದ. ನಲವತ್ತು ವರ್ಷದ ಮೇಲೆ ಯಾರೋ ಒಬ್ಬಳು ಲೆಕ್ಕ ಚುಕ್ತಾ ಮಾಡಿದಂತೆ ಕುಣಿದ ಆ ದನಿಯನ್ನು ಅವನು ಕೇಳಿಸಿಕೊಂಡ. ತಟ್ಟೆಯಲ್ಲಿ ಹುಳ ಕಂಡವನಂತೆ ಬೆಚ್ಚಿದ. ಆಮೇಲೆ ಸಿಟ್ಟು ಬಂತು, ಅಥವಾ ಬರಿಸಿಕೊಂಡ. ಲಕ್ವ ಹೊಡೆದ ಮನುಷ್ಯನ ಮೇಲೆ ಕೈ ಮಾಡುವುದೆಂದರೇನು? ಬಸ್ಸಿನಲ್ಲಿ ನಿಂತು ದೂರಿನ ವಾಕ್ಯಗಳನ್ನು ಜೋಡಿಸಿದ. ಒಳ್ಳೆಯ ವಾಕ್ಯಗಳು, ಕರ್ತೃ ಕರ್ಮ ಕ್ರಿಯಾಪದ ಸರಿಯಾಗಿ ಕೂತವು. ಜೋಡಿಸುತ್ತ ಹೋದಂತೆ ಎದೆ ಹಗುರಾಯಿತು. ಎಷ್ಟೋ ದಿನದಿಂದ ಹೋಗದ ಜಾಗಕ್ಕೆ ಈಗ ಹೋಗಲು ಒಂದು ಕಾರಣ ಸಿಕ್ಕಿತ್ತು, ಅದೂ ತಲೆ ಎತ್ತಿಕೊಂಡು ಹೋಗುವಂಥ ಕಾರಣ. ಇದಕ್ಕೂ ಹಗುರಾಗುತ್ತೀಯಲ್ಲ, ಥೂ, ಎಂದುಕೊಂಡ; ಎಂದುಕೊಂಡೂ ಹಗುರವಾಗಿಯೇ ಇಳಿದ.

ಆರೈಕೆ ಮನೆಯ ಕಾರಿಡಾರಿಗೆ ಫಿನಾಯಿಲು, ಬೇಯಿಸಿದ ತರಕಾರಿ, ಮೂತ್ರ, ಮೂರೂ ಸೇರಿದ ವಾಸನೆ. ಗೋಡೆಗೆ ಅರ್ಧದವರೆಗೆ ಎಣ್ಣೆ ಬಣ್ಣ, ತೊಳೆಯಲು ಅನುಕೂಲವಾಗಲೆಂದು. ಆ ವಾರ ಸಂಜೆಯ ಪಾಳಿಯಾದ್ದರಿಂದ ಆಯಾ ಕೊನೆಯ ಮೇಜಿನ ಮೇಲೆ ಟವೆಲುಗಳನ್ನು ಮಡಿಸುತ್ತಿದ್ದಳು. ಅವನನ್ನು ಕಂಡು ಮಡಿಸುವುದನ್ನು ನಿಲ್ಲಿಸಲಿಲ್ಲ. ಅವನು ಪುಸ್ತಕವನ್ನು ಮೇಜಿನ ಮೇಲಿಟ್ಟ.

"ನಮ್ಮಣ್ಣನ ಮೇಲೆ ಕೈ ಮಾಡಿದ್ದೀಯ."

ಬಹುವಚನ ತಪ್ಪಿದ್ದು ಇಬ್ಬರಿಗೂ ಕೇಳಿಸಿತು.

"ಹೌದು ಸಾರ್," ಎಂದಳು. "ಹೋದ ಮಂಗಳವಾರ. ಒಂದೇಟು."

ಅವಳು ಇಲ್ಲವೆನ್ನುತ್ತಾಳೆ, ಅಳುತ್ತಾಳೆ, ಕಾಲು ಹಿಡಿಯುತ್ತಾಳೆ, ಈ ಮೂರಕ್ಕೂ ಅವನು ಉತ್ತರ ಸಿದ್ಧಮಾಡಿಕೊಂಡಿದ್ದ. ಹೌದು ಎಂಬುದಕ್ಕೆ ಮಾಡಿಕೊಂಡಿರಲಿಲ್ಲ. ಅವಳೇ ಹೇಳಿದಳು. ಅವತ್ತೇ ಮ್ಯಾನೇಜರಿಗೆ ತಿಳಿಸಿದ್ದಳಂತೆ. ಅವರು, ಮನೆಯವರು ಯಾರಾದರೂ ಬಂದು ದೂರು ಕೊಟ್ಟರೆ ನೋಡೋಣ, ಕೈ ಕಡಿಮೆ ಇದೆ, ಸದ್ಯಕ್ಕೆ ಕೆಲಸ ನೋಡು ಎಂದರಂತೆ. ಅವಳು ಮನೆಯವರಿಗಾಗಿ ಕಾದಳಂತೆ.

"ನೀವು ಇಲ್ಲಿಗೆ ಬಂದಿದ್ರೆ ಬಾಯಲ್ಲೇ ಹೇಳ್ತಿದ್ದೆ. ಕ್ಲಾಸಲ್ಲಿ ಎಲ್ರ ಮುಂದೆ ಹೇಗೆ ಹೇಳ್ಲಿ? ಅದಕ್ಕೆ ಬರೆದೆ. ನಮ್ಮ ಮಾತಲ್ಲಿ ಬರೆಯೋಕೆ ಕೈ ಬರ್ಲಿಲ್ಲ, ಇಂಗ್ಲಿಷಲ್ಲಾದ್ರೆ ಬೇರೆ ಯಾರೋ ಮಾಡಿದ್ ಹಾಗೆ ಇರುತ್ತೆ." ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟಳು. "ನೀವೇ ಎಲ್ರ ಮುಂದೆ ಓದಿಬಿಟ್ರಿ."

ಅವನು ಏನೋ ಹೇಳಬೇಕು ಎಂದು ಬಾಯಿ ತೆರೆದಾಗ ಬಂದದ್ದು, ಹೋಗಲಿ, ನಾನು ದೂರು ಕೊಡುವುದಿಲ್ಲ, ಇಬ್ಬರೂ ಮರೆತುಬಿಡೋಣ ಎಂಬ ಮಾತು. ದೊಡ್ಡತನದ ಮಾತಿನಂತೆ ಆಡಿದ. ಅದು ವ್ಯಾಪಾರ ಎಂದು ಅವನಿಗೂ ಗೊತ್ತಾಯಿತು, ಅವಳಿಗೂ.

"ಬೇಡ ಸಾರ್, ಬರೀರಿ. ಯಾರೂ ಏನೂ ಅನ್ನದೇ ಹೋದ್ರೆ ಇನ್ನೊಂದ್ಸಲನೂ ಕೈ ಹೋಗುತ್ತೆ. ನಂಗೆ ನನ್ನ ಕೈ ಗೊತ್ತು."

ಅಷ್ಟರಲ್ಲಿ ಗೋಡೆಯ ಮೇಲೆ ನಾಲ್ಕನೇ ನಂಬರಿನ ಕೆಂಪು ದೀಪ ಹತ್ತಿತು. ಅವಳು ಬೇಸಿನ್ನಿಗೆ ಬಿಸಿನೀರು ತುಂಬಿ, ಸ್ಪಂಜು, ಹೊಸ ಹಾಸು ತೆಗೆದುಕೊಂಡಳು. ಗಂಟೆ ಒತ್ತಿದರೆಂದರೆ ಹಾಸಿಗೆಯಲ್ಲೇ ಹೊಲಸಾಗಿದೆ ಎಂದೇ ಅರ್ಥವಂತೆ. ಅವನು ಅಡ್ಡ ನಿಂತ. ಅವಳು ಒಳಗೆ ಹೋಗುವುದು ಬೇಡ, ಅಣ್ಣನನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಬೇಸಿನ್ನನ್ನು ಕಸಿದುಕೊಂಡ. ನೀರು ಅವನ ಅಂಗಿಯ ಮೇಲೆ ಚೆಲ್ಲಿತು. ಅವಳು ಅವನನ್ನು ಒಂದು ಕ್ಷಣ ನೋಡಿ ಸರಿದು ನಿಂತಳು. ಬಾಗಿಲು ತಳ್ಳುವಾಗ ಇದ್ದ ರೋಷ ಬಾಗಿಲು ಮುಚ್ಚಿಕೊಳ್ಳುವಷ್ಟರಲ್ಲಿ ಇರಲಿಲ್ಲ.

ಅಣ್ಣ ಕುಗ್ಗಿಹೋಗಿದ್ದ. ಮುಖದ ಬಲಭಾಗ ಒಣಹಾಕಿದ ಬಟ್ಟೆಯಂತೆ ಇಳಿಬಿದ್ದಿತ್ತು, ಎಡಗಣ್ಣು ಮಾತ್ರ ಪ್ರೂಫ್ ತಿದ್ದುವ ಕಣ್ಣಾಗಿಯೇ ಉಳಿದಿತ್ತು. ಅದು ಅವನನ್ನು ತಲೆಯಿಂದ ಕಾಲಿನವರೆಗೆ ಓದಿತು. ಹೊದಿಕೆ ಸರಿಸಿದಾಗ ಬಂದ ವಾಸನೆಗೆ ಅವನು ತಿರುಗಿ ಕಿಟಕಿಯ ಕಡೆ ಮುಖ ಮಾಡಿ ನಿಂತು, ಮತ್ತೆ ಬಂದ. ಎಲ್ಲಿಂದ ಶುರುಮಾಡುವುದೋ ಗೊತ್ತಾಗಲಿಲ್ಲ. ಸ್ಪಂಜನ್ನು ಎರಡು ಬೆರಳಲ್ಲಿ ಹಿಡಿದು ತೊಡೆಯ ಮೇಲೆ ಎಳೆದರೆ ಹೊಲಸು ಹೋಗುವ ಬದಲು ಹರಡಿತು. ಅಣ್ಣನ ತೊಡೆ ಇಷ್ಟು ಸಣ್ಣದೇ, ಇದರ ಮೇಲೆ ಕೂತು ತಾನು ಸಂತೆಯಲ್ಲಿ ಬೊಂಬೆ ಆಟ ನೋಡಿದ್ದೆನೇ ಎಂಬ ನೆನಪು ಕರೆಯದೆ ಬಂತು. ಅದನ್ನೂ ಸ್ಪಂಜಿನೊಂದಿಗೆ ಹಿಂಡಿ ಬಿಟ್ಟ. ಮಗ್ಗುಲಾಗಿಸಲು ಹೋದಾಗ ಅಣ್ಣ ಒಪ್ಪಲಿಲ್ಲ. ಎಡಗೈ ಬೀಸಿದ. ತಮ್ಮನ ಕನ್ನಡಕ ಹಾರಿ ಹಾಸಿನ ಮೇಲೆ, ಅದೇ ಹೊಲಸಿನಲ್ಲಿ ಬಿತ್ತು.

ಆಗ ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ತಿಳಿದಾಗ ಅಣ್ಣನ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು. ಹಿಡಿದಿರಲಿಲ್ಲ, ಹಿಸುಕುತ್ತಿದ್ದ. ಹಲ್ಲು ಕಚ್ಚಿಕೊಂಡಿದ್ದ, ಮತ್ತು ಇನ್ನೊಂದು ಕೈ ಹೆಗಲಿನವರೆಗೆ ಎದ್ದು ಅಲ್ಲಿ ನಿಂತಿತ್ತು. ಕನ್ನಡಕವಿಲ್ಲದ ಕಣ್ಣಿಗೆ ಅಣ್ಣನ ಮುಖ ಮಸುಕಾಗಿ ಕಾಣುತ್ತಿತ್ತು, ಆದರೆ ಆ ಮುಖ ಏಟಿಗಾಗಿ ಕಾಯುತ್ತಿದೆ ಎಂಬುದು ಕಂಡಿತು. ಕೈಯನ್ನು ಇಳಿಸಿದ. ಮುಷ್ಟಿ ಬಿಚ್ಚಿದ. ಒಣಗಿದ ಚರ್ಮದ ಮೇಲೆ ನಾಲ್ಕು ಬೆರಳು ಮೂಡಿದ್ದವು, ನಿಧಾನವಾಗಿ ಕೆಂಪಾದವು.

ಅಣ್ಣನ ಬಾಯಿ ಅಲುಗಿತು. ತಿಂಗಳುಗಳಿಂದ ಅಣ್ಣನ ಮಾತನ್ನು ಅವನು ಕೇಳಿರಲಿಲ್ಲ.

"ಅವಳನ್ನ ಕರಿ."

"ಅವಳು ನಿನಗೆ ಹೊಡೆದಳಲ್ಲ ಅಣ್ಣ," ಎಂದ. ತನ್ನ ದನಿಯಲ್ಲಿ ಇದ್ದದ್ದು ಮರುಕವಲ್ಲ, ಚಾಡಿ ಎಂದು ಕೇಳಿಸಿತು. ಅವಳೂ ಹೊಡೆದಿದ್ದಾಳೆ, ನಾನೊಬ್ಬನೇ ಅಲ್ಲ ಎನ್ನುವ ಹುಡುಗನ ದನಿ.

ಅಣ್ಣ ಸುಮಾರು ಹೊತ್ತು ಉಸಿರು ಕೂಡಿಸಿಕೊಂಡ. "ಹೊಡೆದ್ಲು," ಎಂದ. ಮತ್ತೆ ಉಸಿರು ಕೂಡಿಸಿಕೊಂಡು, "ದಿನಾ ಬರ್ತಾಳೆ," ಎಂದ.

ಅವನು ಬಾಗಿಲು ತೆರೆದು ಆಯಾಳನ್ನು ಕರೆದ. ಅವಳು ಬಂದು ಮೊದಲು ಕಿಟಕಿ ತೆರೆದಳು, ಆಮೇಲೆ ಅಣ್ಣನ ಮಣಿಕಟ್ಟು ನೋಡಿದಳು, ಅವನನ್ನು ನೋಡಿದಳು. ಯಜಮಾನ್ರೇ, ಇವತ್ತು ದೊಡ್ಡ ಗಲಾಟೆ ಮಾಡಿದ್ರಂತೆ ಎಂದು ಅಣ್ಣನೊಂದಿಗೆ ಮಾತಾಡುತ್ತ ಅವನ ಎಡಗೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಬೆನ್ನು ಹಿಡ್ಕೊಳ್ಳಿ ಸಾರ್, ಬೀಳ್ತಾರೆ ಎಂದಳು. ಅವನು ಹಿಡಿದ. ಒದ್ದೆಯಾದ, ಬಿಸಿಯಾದ, ಮೂಳೆ ಎಣಿಸಬಹುದಾದ ಬೆನ್ನು. ಹೇಸಿಗೆ ಕಡಿಮೆಯಾಗಲಿಲ್ಲ. ಕರುಣೆ ಬಂದು ಅದನ್ನು ಓಡಿಸುತ್ತದೆ ಎಂದು ಒಂದು ಗಳಿಗೆ ಕಾದ, ಬರಲಿಲ್ಲ. ಕೈಗಳನ್ನು ಅಲ್ಲೇ ಇಟ್ಟುಕೊಂಡು ನಿಂತ. ಅವಳು ಮುಂಭಾಗದಿಂದ ಹಿಂದಕ್ಕೆ, ಮೇಲಿನಿಂದ ಕೆಳಕ್ಕೆ, ಪ್ರತಿ ಸಲ ಸ್ಪಂಜಿನ ಹೊಸ ಮಗ್ಗುಲಿನಿಂದ ಒರೆಸಿದಳು. ಆರು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಕನ್ನಡಕವನ್ನೂ ತೊಳೆದು, ಒರೆಸಿ, ಅವನ ಕೈಗೆ ಕೊಟ್ಟಳು.

ಹೊರಗೆ ಮೇಜಿನ ಹತ್ತಿರ ಅವಳೇ ದೂರಿನ ಪುಸ್ತಕ ತಂದು ಬಿಚ್ಚಿಟ್ಟಳು, ಪೆನ್ನೂ ಕೊಟ್ಟಳು. ಅವನು ಬರೆದ. ನಾಲ್ಕನೇ ಕೋಣೆಯ ರೋಗಿಗೆ ಹೋದ ಮಂಗಳವಾರ ಆಯಾ ಒಂದು ಏಟು ಹೊಡೆದಿದ್ದಾರೆ, ಅವರೇ ಒಪ್ಪಿಕೊಂಡಿದ್ದಾರೆ. ಬಸ್ಸಿನಲ್ಲಿ ಜೋಡಿಸಿದ ಒಳ್ಳೆಯ ವಾಕ್ಯಗಳು ಒಂದೂ ಬರಲಿಲ್ಲ. ಸ್ವಲ್ಪ ತಡೆದು ಕೆಳಗೆ ಇನ್ನೊಂದು ಸಾಲು ಸೇರಿಸಿದ: ಇಂದು ಸಂಜೆ ರೋಗಿಯ ತಮ್ಮ ಅವರ ಎಡಗೈ ಹಿಸುಕಿದ್ದಾನೆ, ಗುರುತು ಇದೆ. ಅವಳು ತಲೆಕೆಳಗಾಗಿ ಓದುತ್ತ ನಿಂತಿದ್ದಳು. ಪುಟದ ಕೊನೆಯಲ್ಲಿ ಅಚ್ಚು ಹಾಕಿದ ಮೂರು ಖಾನೆಗಳಿದ್ದವು. ದೂರುದಾರರಿಗೂ ರೋಗಿಗೂ ಇರುವ ಸಂಬಂಧ. ತಮ್ಮ ಎಂದು ತುಂಬಿದ. ಸಹಿ ಹಾಕಿದ. ಮೂರನೆಯದು, ಇದಕ್ಕೆ ಮೊದಲು ರೋಗಿಯನ್ನು ಭೇಟಿ ಮಾಡಿದ ದಿನಾಂಕ.

ಪೆನ್ನು ಅಲ್ಲಿ ನಿಂತಿತು. ಹೋದ ತಿಂಗಳಿರಬೇಕು ಎಂದುಕೊಂಡ. ಅದರ ಹಿಂದಿನದೋ? ಅವತ್ತು ಬಿಸಿಲಿತ್ತೇ, ಯಾವ ಅಂಗಿ ತೊಟ್ಟಿದ್ದೆ, ಅಣ್ಣ ಎಚ್ಚರವಿದ್ದನೇ? ಏನೂ ಸಿಗಲಿಲ್ಲ. ಖಾನೆ ಬೆರಳಗಲ ಇತ್ತು. ಒಂದು ಸುಳ್ಳು ಅದರಲ್ಲಿ ಸಲೀಸಾಗಿ ಹಿಡಿಸುತ್ತಿತ್ತು.

"ಏಪ್ರಿಲ್ ಒಂಬತ್ತು," ಎಂದಳು ಆಯಾ, ಟವೆಲುಗಳನ್ನು ಕೈಗೆತ್ತಿಕೊಳ್ಳುತ್ತ. "ಗುರುವಾರ. ಬಾಗಿಲ ಹತ್ರ ನಿಂತಿದ್ರಿ, ಒಳಗೆ ಬರ್ಲಿಲ್ಲ."

ಗೋಡೆಯ ಕ್ಯಾಲೆಂಡರ್ ಜುಲೈ ತೋರಿಸುತ್ತಿತ್ತು. ಅವನು ತಲೆ ಬಗ್ಗಿಸಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡ.